ಆರೋಪಿಗಳ ಪಟ್ಟಿಯಲ್ಲಿ ಒಂದು ಹೆಸರು

ಕೊಪ್ಪಳದ ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಲಯವು 2024ರ ಅಕ್ಟೋಬರ್ 24ರಂದು ಒಂದೇ ಪ್ರಕರಣದಲ್ಲಿ 101 ಜನರಿಗೆ ಶಿಕ್ಷೆ ವಿಧಿಸಿತು. ಗಂಗಾವತಿ ತಾಲ್ಲೂಕಿನ ಮರಕುಂಬಿ ಗ್ರಾಮದಲ್ಲಿ ಕ್ಷೌರದಂಗಡಿಗೂ ಹೋಟೆಲಿಗೂ ದಲಿತರನ್ನು ಬಿಟ್ಟುಕೊಳ್ಳದ ಅಸ್ಪೃಶ್ಯತೆಯ ಆಚರಣೆಯಿಂದ ಹೊಗೆಯಾಡುತ್ತಿದ್ದ ವೈಮನಸ್ಸು 2014ರ ಆಗಸ್ಟ್ 28ರಂದು ದಲಿತರ ಕೇರಿಯ ಮೇಲಿನ ದಾಳಿಯಾಗಿ ಸ್ಫೋಟಿಸಿ, ಜನರು ಹಲ್ಲೆಗೊಳಗಾಗಿ, ಗುಡಿಸಲುಗಳಿಗೆ ಬೆಂಕಿ ಬಿದ್ದಿತ್ತು. ಹತ್ತು ವರ್ಷಗಳ ನಂತರ ಬಂದ ತೀರ್ಪಿನಲ್ಲಿ ನ್ಯಾಯಾಧೀಶ ಸಿ. ಚಂದ್ರಶೇಖರ ಅವರು 98 ಮಂದಿಗೆ ಜೀವಾವಧಿ ಸೆರೆವಾಸವನ್ನೂ ಮೂವರಿಗೆ ಐದು ವರ್ಷಗಳ ಕಠಿಣ ಸೆರೆವಾಸವನ್ನೂ ವಿಧಿಸಿದರು. ಪೊಲೀಸರು ಆರೋಪ ಹೊರಿಸಿದ್ದು 117 ಮಂದಿಯ ಮೇಲೆ. ವಿಚಾರಣೆ ನಡೆದ ದಶಕದಲ್ಲಿ ಅವರಲ್ಲಿ ಕೆಲವರು ತೀರಿಕೊಂಡಿದ್ದರು. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠವು ಜೀವಾವಧಿ ಶಿಕ್ಷೆಗೊಳಗಾದವರಲ್ಲಿ ಬಹುಪಾಲು ಜನರ ಶಿಕ್ಷೆಯನ್ನು ಮೇಲ್ಮನವಿ ಇತ್ಯರ್ಥವಾಗುವವರೆಗೆ ಅಮಾನತಿನಲ್ಲಿಟ್ಟು ಜಾಮೀನು ನೀಡಿತು.

ಜಾತಿ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟು ಜನರಿಗೆ ಒಟ್ಟಿಗೆ ಜೀವಾವಧಿ ಶಿಕ್ಷೆಯಾದದ್ದು ಅತ್ಯಂತ ಅಪರೂಪ. ಮನೆ ಕಳೆದುಕೊಂಡವರು ನ್ಯಾಯಕ್ಕಾಗಿ ಹತ್ತು ವರ್ಷ ಕಾಯಬೇಕಾಯಿತೆಂಬುದು ನೋವಿನ ಸಂಗತಿಯಾದರೆ, ಅಷ್ಟು ಕಾಲ ಅವರು ಸಾಕ್ಷ್ಯದಿಂದ ಹಿಂದೆ ಸರಿಯದೆ ನಿಂತದ್ದು ಗೌರವಕ್ಕೆ ಪಾತ್ರವಾದ ಸಂಗತಿ. ಈ ಪ್ರಕರಣ ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ನೂರಕ್ಕೂ ಹೆಚ್ಚು ಹೆಸರುಗಳಿರುವ ಪಟ್ಟಿಯಲ್ಲಿ ಒಬ್ಬನ ಹೆಸರು ಸೇರಿದಾಗ, ಆ ಒಬ್ಬನು ಏನು ಮಾಡಿದ ಅಥವಾ ಏನು ಮಾಡಲಿಲ್ಲ ಎಂಬುದನ್ನು ನ್ಯಾಯಾಲಯವು ಬಿಡಿಯಾಗಿ ಕಾಣುವುದು ಹೇಗೆ? ಅದಕ್ಕಿರುವ ಸಾಧನವೇ ಆರೋಪಿ ಪರ ವಕೀಲ. ಬಲವಾದ ಪ್ರತಿವಾದವು ನೊಂದವರ ಹಿತಕ್ಕೆ ಅಡ್ಡಿಯೆಂಬ ಭಾವನೆ ಹಳ್ಳಿಗಳಲ್ಲಿ ಮಾತ್ರವಲ್ಲದೆ ಓದಿದವರಲ್ಲಿಯೂ ಇದೆ. ಆದರೆ ಪಾಟೀ ಸವಾಲನ್ನು, ಅಂದರೆ ಎದುರು ಪಕ್ಷದ ವಕೀಲರ ಪ್ರಶ್ನೆಗಳನ್ನು, ಸರಿಯಾಗಿ ಎದುರಿಸಿ ಉಳಿದ ಸಾಕ್ಷ್ಯದ ಮೇಲೆ ನಿಂತ ತೀರ್ಪು ಮಾತ್ರ ಮೇಲ್ಮನವಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಮತ್ತು ಅಂಥ ತೀರ್ಪಿನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ನೊಂದವರಿಗೇ.

ಭಾರತದ ಕಾನೂನು ಅಪರಾಧದ ಗಾಂಭೀರ್ಯವನ್ನು ಮೂರು ಬಗೆಯಲ್ಲಿ ಅಳೆಯುತ್ತದೆ. ವಾರಂಟಿಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧವು ಸಂಜ್ಞೇಯ ಅಪರಾಧವೆನಿಸುತ್ತದೆ. ಜಾಮೀನು ಪಡೆಯುವುದು ಆರೋಪಿಯ ಹಕ್ಕಾಗಿರದೆ ನ್ಯಾಯಾಲಯದ ವಿವೇಚನೆಗೆ ಬಿಟ್ಟಿರುವುದು ಜಾಮೀನುರಹಿತ ಅಪರಾಧವೆನಿಸುತ್ತದೆ. ಮ್ಯಾಜಿಸ್ಟ್ರೇಟರು ತಾವೇ ವಿಚಾರಿಸದೆ ಸತ್ರ ನ್ಯಾಯಾಲಯಕ್ಕೆ, ಅಂದರೆ ಜಿಲ್ಲಾ ಮಟ್ಟದ ಸೆಷನ್ಸ್ ಕೋರ್ಟಿಗೆ, ಒಪ್ಪಿಸಬೇಕಾದವು ಮೂರನೆಯ ಬಗೆಯವು. ಕೊಲೆ, ಕೊಲೆಯತ್ನ, ಅತ್ಯಾಚಾರ, ಡಕಾಯಿತಿ, ವಾಸದ ಮನೆಗೆ ಬೆಂಕಿ ಹಚ್ಚುವುದು ಮೊದಲಾದವು ಈ ಮೂರೂ ಲಕ್ಷಣಗಳನ್ನು ಹೊಂದಿವೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ, ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಜಾರಿಗೆ ಬಂದಿವೆಯಾದರೂ, ಕೃತ್ಯ ನಡೆದ ದಿನ ಯಾವ ಕಾನೂನು ಇತ್ತೋ ಅದರಂತೆಯೇ ಅಪರಾಧವನ್ನು ನಿರ್ಣಯಿಸಬೇಕೆಂಬುದು ಸಂವಿಧಾನದ 20ನೇ ವಿಧಿಯ ಆದೇಶವಾದ್ದರಿಂದ, 2014ರ ಘಟನೆಗೆ ಹಳೆಯ ಸಂಹಿತೆಯೇ ಅನ್ವಯಿಸಿತು.

ಎಫ್‌ಐಆರ್‌ನಲ್ಲಿ, ಅಂದರೆ ಠಾಣೆಯಲ್ಲಿ ಮೊದಲು ದಾಖಲಾಗುವ ಪ್ರಥಮ ವರ್ತಮಾನ ವರದಿಯಲ್ಲಿ, ಯಾವ ಕಲಮುಗಳು ಬಿದ್ದಿವೆ ಎಂಬುದನ್ನು ಓದಿಕೊಳ್ಳುವುದು ಪ್ರತಿವಾದದ ಮೊದಲ ಕೆಲಸ. ಒಂದೇ ಕೃತ್ಯದ ಪರಿಣಾಮ ಕಲಮಿನಿಂದ ಕಲಮಿಗೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಮನೆಗೆ ಬೆಂಕಿ ಹಚ್ಚುವ ಅಪರಾಧವನ್ನೇ ನೋಡಬಹುದು. ಹಳೆಯ ದಂಡ ಸಂಹಿತೆಯ 436ನೇ ಕಲಮಿನಡಿ ಇದಕ್ಕೆ ಜೀವಾವಧಿ ಅಥವಾ ಹತ್ತು ವರ್ಷಗಳವರೆಗಿನ ಸೆರೆವಾಸ ವಿಧಿಸಬಹುದಿತ್ತು. ಎಷ್ಟು ಎಂಬುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಅದೇ ಬೆಂಕಿಯನ್ನು ಪರಿಶಿಷ್ಟ ಜಾತಿ ಅಥವಾ ಪಂಗಡದವರಲ್ಲದವರು ಪರಿಶಿಷ್ಟರ ವಾಸದ ಮನೆಯನ್ನು ನಾಶಪಡಿಸುವ ಉದ್ದೇಶದಿಂದ ಹಚ್ಚಿದರೆ, 1989ರ ದೌರ್ಜನ್ಯ ತಡೆ ಕಾಯ್ದೆಯ 3(2)ನೇ ಕಲಮಿನಡಿ ಜೀವಾವಧಿ ಸೆರೆವಾಸವನ್ನೇ ವಿಧಿಸಬೇಕು; ಕಡಿಮೆ ಮಾಡುವ ಅವಕಾಶ ನ್ಯಾಯಾಧೀಶರಿಗಿಲ್ಲ. ಮರಕುಂಬಿ ಪ್ರಕರಣದಲ್ಲಿ ಐದು ವರ್ಷದ ಶಿಕ್ಷೆಗೆ ಒಳಗಾದ ಮೂವರು ಸ್ವತಃ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರಿದವರಾಗಿದ್ದರಿಂದ ಅವರಿಗೆ ಆ ಕಾಯ್ದೆ ಅನ್ವಯವಾಗಲಿಲ್ಲ. ಕಾಯ್ದೆಯ ಕಾಠಿಣ್ಯಕ್ಕೆ ತಕ್ಕ ಕಾರಣವಿದೆ: ಕೇರಿಗೆ ಬೀಳುವ ಬೆಂಕಿ ಮನೆಯೊಂದನ್ನೇ ಸುಡದೆ ಇಡೀ ಸಮುದಾಯವನ್ನು ಬೆದರಿಸುವ ಉದ್ದೇಶ ಹೊಂದಿರುತ್ತದೆ. ಆದರೆ ಶಿಕ್ಷೆ ಇಷ್ಟು ಕಠಿಣವಾದಷ್ಟೂ, ಅದು ಯಾರ ಮೇಲೆ ಬೀಳುತ್ತಿದೆ ಎಂಬುದನ್ನು ಅಷ್ಟೇ ಎಚ್ಚರದಿಂದ ತೂಗಿನೋಡಬೇಕಾಗುತ್ತದೆ.

ಗುಂಪಿನ ಪ್ರಕರಣಗಳಲ್ಲಿ ಈ ತೂಗುವಿಕೆ ಕಷ್ಟದ್ದು. ಐವರು ಅಥವಾ ಹೆಚ್ಚು ಜನ ಕಾನೂನುಬಾಹಿರ ಉದ್ದೇಶಕ್ಕೆ ಸೇರಿದರೆ ಅದು ಅಕ್ರಮ ಕೂಟವಾಗುತ್ತದೆ; ಆ ಕೂಟದ ಸಮಾನ ಉದ್ದೇಶ ಸಾಧನೆಗಾಗಿ ಒಬ್ಬ ಸದಸ್ಯ ಮಾಡಿದ ಅಪರಾಧಕ್ಕೆ ಉಳಿದ ಪ್ರತಿಯೊಬ್ಬ ಸದಸ್ಯನೂ ಹೊಣೆ ಎಂದು ಹಳೆಯ ಸಂಹಿತೆಯ 149ನೇ ಕಲಮು ಹೇಳುತ್ತಿತ್ತು, ಹೊಸ ಸಂಹಿತೆಯ 190ನೇ ಕಲಮೂ ಅದನ್ನೇ ಹೇಳುತ್ತದೆ. ಹೀಗಾಗಿ ಕಲ್ಲೆತ್ತದ, ಬೆಂಕಿಕಡ್ಡಿ ಮುಟ್ಟದ ವ್ಯಕ್ತಿಯೂ ಕೂಟದ ಸದಸ್ಯನೆಂದು ಸಾಬೀತಾದರೆ ಬೆಂಕಿ ಇಟ್ಟವನಷ್ಟೇ ಶಿಕ್ಷೆ ಅನುಭವಿಸಬೇಕಾಗುತ್ತದೆ. ಊರಿನಲ್ಲಿ ಗದ್ದಲವೆದ್ದಾಗ ಓಣಿಯ ಜನರೆಲ್ಲ ಹೊರಗೆ ಬಂದು ನಿಲ್ಲುವುದು ಸಹಜ. ಹಾಗೆ ನಿಂತವನಿಗೂ ಕೂಟದೊಂದಿಗೆ ನುಗ್ಗಿದವನಿಗೂ ಇರುವ ವ್ಯತ್ಯಾಸವನ್ನು ಗುರುತಿಸಲು ಸುಪ್ರೀಂ ಕೋರ್ಟ್ 1964ರಲ್ಲಿಯೇ, ಉತ್ತರ ಪ್ರದೇಶದ ಮಸಲ್ತಿ ಪ್ರಕರಣದಲ್ಲಿ, ಒಂದು ವಿವೇಕದ ಮಾರ್ಗವನ್ನು ತೋರಿಸಿತು: ಬಹಳ ಜನ ಸೇರಿ ಎಸಗಿದ ಅಪರಾಧದಲ್ಲಿ, ಇಬ್ಬರು ಅಥವಾ ಮೂವರು ಅಥವಾ ಹೆಚ್ಚು ಸಾಕ್ಷಿಗಳು ಒಂದೇ ತೆರನಾಗಿ ಗುರುತಿಸಿ ಹೇಳಿದ ಆರೋಪಿಯ ಮೇಲಿನ ಆರೋಪವನ್ನು ಮಾತ್ರ ಒಪ್ಪುವುದು ಸುರಕ್ಷಿತ. ಈ ಮಾರ್ಗವು ತಾನಾಗಿಯೇ ಕೆಲಸ ಮಾಡುವುದಿಲ್ಲ. ಯಾವ ಸಾಕ್ಷಿ ಯಾರ ಹೆಸರು ಹೇಳಿದ, ಯಾರನ್ನು ಬಿಟ್ಟ ಎಂಬುದನ್ನು ಕಡತದಿಂದ ಎತ್ತಿ ತೆಗೆದು ನ್ಯಾಯಾಲಯದ ಮುಂದಿಡುವವರು ಬೇಕು.

ಬಂಧನದ ಘಟ್ಟದಲ್ಲಿಯೇ ಆರೋಪಿಗೆ ಕೆಲವು ಹಕ್ಕುಗಳು ದೊರೆಯುತ್ತವೆ. ಬಂಧನದ ಕಾರಣ ತಿಳಿಯುವುದು, ತಾನೇ ಆರಿಸಿಕೊಂಡ ವಕೀಲರನ್ನು ಕಾಣುವುದು ಮತ್ತು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕುಗಳು. ಬಂಧನದ ಕಾರಣಗಳನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಎಲ್ಲ ಬಗೆಯ ಅಪರಾಧಗಳಿಗೂ ಅನ್ವಯಿಸುವಂತೆ ಸ್ಪಷ್ಟಪಡಿಸಿದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸಲು ಬಳಸುವಂತಿಲ್ಲ. ಠಾಣೆಯಲ್ಲಿ ಪ್ರಶ್ನಿಸುವ ವೇಳೆ, ಅದರ ಉದ್ದಕ್ಕೂ ಅಲ್ಲವಾದರೂ, ವಕೀಲರನ್ನು ಭೇಟಿಯಾಗುವ ಅವಕಾಶವನ್ನೂ ಕಾನೂನು ಕೊಟ್ಟಿದೆ. ಬಂಧಿತನ ಮನೆಯವರಾಗಲಿ ಗೆಳೆಯರಾಗಲಿ ಬಂಧನದ ಸುದ್ದಿಯನ್ನು ಪೊಲೀಸರಿಂದಲೇ ಪಡೆಯಬೇಕು, ಊರಿನ ಬಾಯಿಂದ ತಿಳಿಯುವ ಪರಿಸ್ಥಿತಿ ಬರಬಾರದು.

ಫೀಸು ಕೊಡಲಾಗದವನ ಗತಿಯೇನು ಎಂಬುದಕ್ಕೆ ಉತ್ತರ ಬೆಳೆದುಬಂದದ್ದು ಸುಪ್ರೀಂ ಕೋರ್ಟಿನ ತೀರ್ಪುಗಳ ಸರಣಿಯಲ್ಲಿ. ಬಡ ಆರೋಪಿಗೆ ಉಚಿತ ವಕೀಲರ ನೆರವು ನ್ಯಾಯಯುತ ವಿಚಾರಣೆಯ ಅಂಗವೆಂದು 1979ರ ಹುಸೈನಾರಾ ಖಾತೂನ್ ಪ್ರಕರಣ ಹೇಳಿತು. ಅದು ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಬಾರಿ ಹಾಜರುಪಡಿಸಿದ ಕ್ಷಣದಿಂದಲೇ ದೊರೆಯಬೇಕೆಂದು 1981ರ ಖಾತ್ರಿ ಪ್ರಕರಣ ಹೇಳಿತು. ಆರೋಪಿ ಕೇಳಲಿಲ್ಲವೆಂಬುದು ನೆರವು ಕೊಡದಿರಲು ನೆಪವಾಗದೆಂದು 1986ರ ಸುಕ್‌ದಾಸ್ ಪ್ರಕರಣ ಹೇಳಿತು. ಜೀವಾವಧಿ ಅಥವಾ ಮರಣದಂಡನೆಗೆ ಅವಕಾಶವಿರುವ ಪ್ರಕರಣಗಳಲ್ಲಿ ನೇಮಿಸುವ ವಕೀಲರಿಗೆ ಕನಿಷ್ಠ ಹತ್ತು ವರ್ಷಗಳ ಅನುಭವವಿರಬೇಕು, ಸಿದ್ಧತೆಗೆ ಕನಿಷ್ಠ ಏಳು ದಿನವಾದರೂ ಸಿಗಬೇಕು ಎಂದು 2019ರ ಅನೋಖಿಲಾಲ್ ತೀರ್ಪು ಸೇರಿಸಿತು. ಈ ಕೊನೆಯ ಮಾತು ಹೆಚ್ಚು ಜನರಿಗೆ ತಿಳಿದಿರಬೇಕಾದದ್ದು, ಏಕೆಂದರೆ ಉಚಿತ ವಕೀಲರೆಂದರೆ ಹೆಸರಿಗೆ ಮಾತ್ರ ನಿಲ್ಲುವವರೆಂಬ ಅಪನಂಬಿಕೆ ಜನರಲ್ಲಿ ಆಳವಾಗಿ ಬೇರೂರಿದೆ.

ಈ ನೆರವನ್ನು ಕೊಡುವ ಸಂಸ್ಥೆಗಳು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ರೂಪುಗೊಂಡಿವೆ. ಕೊಪ್ಪಳದ ನ್ಯಾಯಾಲಯ ಸಂಕೀರ್ಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವೂ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳೂ ಇವೆ. ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಜಾತಿ ದೌರ್ಜನ್ಯಕ್ಕೆ ತುತ್ತಾದವರು ಮತ್ತು ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಒಂದೇ ಕಲಮು ಮನೆ ಸುಟ್ಟುಕೊಂಡ ಸಂತ್ರಸ್ತರಿಗೂ ಸೆರೆಯಲ್ಲಿರುವ ಆರೋಪಿಗೂ ವಕೀಲರನ್ನು ಕೊಡುತ್ತದೆ ಎಂಬುದರಲ್ಲಿ ಈ ಕಾಯ್ದೆಯ ನ್ಯಾಯಬುದ್ಧಿ ಎದ್ದು ಕಾಣುತ್ತದೆ. ರಾಷ್ಟ್ರೀಯ ಪ್ರಾಧಿಕಾರವು 2022ರಲ್ಲಿ ರೂಪಿಸಿದ ಯೋಜನೆಯಂತೆ, ಖಾಸಗಿ ಪ್ರಕರಣಗಳನ್ನು ಹಿಡಿಯದೆ ಕ್ರಿಮಿನಲ್ ಪ್ರಕರಣಗಳಲ್ಲಿ ಆರೋಪಿಗಳ ಪರವಾಗಿಯೇ ಪೂರ್ಣಾವಧಿ ಕೆಲಸ ಮಾಡುವ ಕಾನೂನು ನೆರವು ಅಭಿರಕ್ಷಕರ ಕಚೇರಿಗಳು ಜಿಲ್ಲಾ ಮಟ್ಟದಲ್ಲಿ ಬಂದಿವೆ. ಬಿಳಿ ಹಾಳೆಯಲ್ಲಿ ಬರೆದ ಅರ್ಜಿ ಸಾಕು. ಬರೆಯಲಾರದವರು ಬಾಯಿಮಾತಿನಲ್ಲಿ ಹೇಳಿದರೆ ಕಚೇರಿಯವರೇ ಬರೆದುಕೊಳ್ಳಬೇಕು. 15100 ಎಂಬ ಸಹಾಯವಾಣಿಗೂ ಕರೆ ಮಾಡಬಹುದು.

ಜಾಮೀನಿನ ವಿಷಯದಲ್ಲಿ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣ ಉಳಿದವುಗಳಂತಲ್ಲ. ಬಂಧನಕ್ಕೆ ಮುನ್ನವೇ ಪಡೆಯುವ ನಿರೀಕ್ಷಣಾ ಜಾಮೀನನ್ನು ಕಾಯ್ದೆ ನಿಷೇಧಿಸಿದೆ. ಮೇಲ್ನೋಟಕ್ಕೇ ಕಾಯ್ದೆಯಡಿ ಅಪರಾಧ ಕಂಡುಬರದಿದ್ದರೆ ಮಾತ್ರ ಈ ನಿಷೇಧ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಬಂಧನದ ನಂತರ ಈ ಕಾಯ್ದೆಯ ಪ್ರಕರಣಗಳಿಗಾಗಿರುವ ವಿಶೇಷ ನ್ಯಾಯಾಲಯದಲ್ಲಿ ಜಾಮೀನು ಕೇಳಬಹುದಾದರೂ ಸಂತ್ರಸ್ತರಿಗೆ ತಿಳಿಸಿ ಅವರ ಮಾತನ್ನೂ ಕೇಳಿದ ಮೇಲೆಯೇ ಆದೇಶವಾಗಬೇಕು. ಇದಲ್ಲದೆ ತನಿಖೆಯ ಗಡುವಿನಿಂದ ಹುಟ್ಟುವ ಜಾಮೀನೂ ಒಂದಿದೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನಗಳೊಳಗೆ, ಉಳಿದವುಗಳಲ್ಲಿ 60 ದಿನಗಳೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಬಂಧಿತನಿಗೆ ಜಾಮೀನು ಹಕ್ಕಾಗಿಯೇ ದೊರೆಯುತ್ತದೆ. ಆದರೆ ಕೇಳುವುದಕ್ಕೆ ಮೊದಲೇ ಪಟ್ಟಿ ಬಂದುಬಿಟ್ಟರೆ ಆ ಹಕ್ಕು ಹೋಗುತ್ತದೆ. ದಿನ ಎಣಿಸುವ ವಕೀಲರಿಲ್ಲದ ಬಂಧಿತ ಅದನ್ನು ಕಳೆದುಕೊಳ್ಳುವುದು ಇಲ್ಲಿಯೇ. ಬಾಯಿಮಾತಿನಲ್ಲಿ ಕೇಳಿದರೂ ಸಾಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿರುವುದರಿಂದ ವಿಡಿಯೊ ಮೂಲಕ ರಿಮಾಂಡಿಗೆ ಹಾಜರಾಗುವ ಬಂಧಿತನೂ ಇದನ್ನು ಕೇಳಬಲ್ಲ.

ಜಾಮೀನು ಸಿಕ್ಕರೂ ಭದ್ರತೆ ನೀಡುವ ಶ್ಯೂರಿಟಿ ಸಿಗದೆ ಒಳಗೇ ಉಳಿಯುವವರಿದ್ದಾರೆ. ಹೊಲದ ಪಹಣಿ ಹಿಡಿದು ಕೋರ್ಟಿಗೆ ಬರುವ ಸಂಬಂಧಿಕರು ಭೂಮಿಯಿಲ್ಲದ ಕೂಲಿಕಾರನಿಗೆ ಎಲ್ಲಿಂದ ಸಿಗಬೇಕು? ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರನೊಬ್ಬನಿಗೆ 10,000 ರೂಪಾಯಿಯ ಭದ್ರತೆ ಕೇಳಿ, ಬೇರೆ ಜಿಲ್ಲೆಯವನೆಂಬ ಕಾರಣಕ್ಕೆ ಶ್ಯೂರಿಟಿಯನ್ನೂ ತಿರಸ್ಕರಿಸಿದ ಆದೇಶವನ್ನು 1978ರ ಮೋತಿರಾಮ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಟುವಾಗಿ ಟೀಕಿಸಿದ್ದರು. ಜಾಮೀನು ಆದೇಶವಾಗಿಯೂ ಬಿಡುಗಡೆಯಾಗದ ಬಂಧಿತರ ಪರವಾಗಿ ಷರತ್ತು ಸಡಿಲಿಸಲು ಅರ್ಜಿ ಹಾಕುವುದು ಈಗ ಕಾನೂನು ಸೇವೆಗಳ ಪ್ರಾಧಿಕಾರದ ಕೆಲಸಗಳಲ್ಲಿ ಒಂದು. 2023ರಿಂದ ಬಡ ಕೈದಿಗಳಿಗಾಗಿ ಇರುವ ಕೇಂದ್ರದ ಯೋಜನೆಯಲ್ಲಿ ವಿಚಾರಣಾಧೀನ ಕೈದಿಗೆ ಒಂದು ಮಿತಿಯವರೆಗೆ ಭದ್ರತೆಯ ಹಣ ದೊರೆಯಬಹುದು.

ದೋಷಾರೋಪ ಪಟ್ಟಿ ಬಂದ ಮೇಲೆ ಅದರ ಪ್ರತಿಯನ್ನು ಸಾಕ್ಷಿಗಳ ಹೇಳಿಕೆ, ಪಂಚನಾಮೆ, ವೈದ್ಯಕೀಯ ಪ್ರಮಾಣಪತ್ರಗಳ ಸಮೇತ ಆರೋಪಿಗೆ ಉಚಿತವಾಗಿ ಕೊಡಬೇಕು. ನಾಗರಿಕ ಸುರಕ್ಷಾ ಸಂಹಿತೆ ಇದಕ್ಕೆ ಹಾಜರಾದ ದಿನದಿಂದ 14 ದಿನಗಳ ಗಡುವು ಹಾಕಿದೆ. ಈ ಕಾಗದದ ಕಟ್ಟಿನಲ್ಲಿ ಆರೋಪಿಯ ಹೆಸರು ಆರೋಪಿಗಳ ಪಟ್ಟಿಯನ್ನು ಬಿಟ್ಟು ಬೇರೆಲ್ಲೂ ಕಾಣದಿದ್ದರೆ, ವಿಚಾರಣೆಗೆ ಮುನ್ನವೇ ಕೈಬಿಡಬೇಕೆಂದು ಅರ್ಜಿ ಹಾಕಬಹುದು. ಸತ್ರ ನ್ಯಾಯಾಲಯಕ್ಕೆ ಪ್ರಕರಣ ಒಪ್ಪಿಸಿದ 60 ದಿನಗಳೊಳಗೆ ಈ ಅರ್ಜಿ ಸಲ್ಲಬೇಕೆಂಬುದು ಹೊಸ ನಿಯಮ. ಅನ್ಯತ್ರ ಇದ್ದೆನೆಂದು ಹೇಳುವವನಿಗಂತೂ ಕಾಲ ಇನ್ನೂ ಕಡಿಮೆ. ಗಂಗಾವತಿಯ ಅಕ್ಕಿ ಗಿರಣಿಯ ತೂಕದ ಚೀಟಿ, ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿ, ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿ ಇಂಥವು ವಾರ ತಿಂಗಳುಗಳಲ್ಲಿ ಕಳೆದುಹೋಗುವ ದಾಖಲೆಗಳು, ಸಿಸಿಟಿವಿ ದೃಶ್ಯವಂತೂ ಅದಕ್ಕೂ ಮೊದಲೇ ಅಳಿಸಿಹೋಗುತ್ತದೆ. ಅನ್ಯತ್ರ ಇದ್ದುದನ್ನು ಸಾಬೀತುಪಡಿಸುವ ಹೊಣೆಯೂ ಆರೋಪಿಯ ಮೇಲೆಯೇ ಇರುತ್ತದೆ.

ವಿಚಾರಣೆಯ ಹೃದಯ ಪಾಟೀ ಸವಾಲಿನ ಘಟ್ಟ. ತನಿಖೆಯ ವೇಳೆ ಪೊಲೀಸರು ಸಾಕ್ಷಿಯ ಹೇಳಿಕೆಯನ್ನು ಬರೆದುಕೊಳ್ಳುತ್ತಾರೆ; ಅದಕ್ಕೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ, ಅದು ಸ್ವತಃ ಸಾಕ್ಷ್ಯವೂ ಅಲ್ಲ. ಆದರೆ ಆ ಹೇಳಿಕೆಯಲ್ಲಿ ಹತ್ತು ಜನರ ಹೆಸರು ಹೇಳಿದ್ದ ಸಾಕ್ಷಿ ಕೋರ್ಟಿನ ಕಟಕಟೆಯಲ್ಲಿ ನಿಂತು ನಲವತ್ತು ಹೆಸರು ಹೇಳಿದರೆ, ಉಳಿದ ಮೂವತ್ತು ಹೆಸರುಗಳನ್ನು ಆಗ ಹೇಳಿರಲಿಲ್ಲವೇಕೆ ಎಂದು ಆರೋಪಿ ಪರ ವಕೀಲರು ಕೇಳಬೇಕು. ಕೇಳಿ, ವ್ಯತ್ಯಾಸವಿರುವ ಭಾಗವನ್ನು ಪ್ರತಿವಾದದ ನಿಶಾನೆಯಾಗಿ ಗುರುತು ಮಾಡಿಸಬೇಕು. ಆಮೇಲೆ ತನಿಖಾಧಿಕಾರಿ ಕಟಕಟೆಗೆ ಬಂದಾಗ, ಆ ಸಾಕ್ಷಿ ಹಾಗೆ ಹೇಳಿರಲಿಲ್ಲವೆಂದು ಅವರ ಬಾಯಿಂದಲೂ ದಾಖಲಿಸಬೇಕು. ಈ ಮೂರು ಹೆಜ್ಜೆಗಳಲ್ಲಿ ಒಂದು ತಪ್ಪಿದರೂ ವ್ಯತ್ಯಾಸ ಕಡತದಲ್ಲಿ ಇಲ್ಲದಂತಾಗುತ್ತದೆ, ಹೈಕೋರ್ಟಿಗೆ ಹೋದಾಗ ಅದನ್ನು ಹೊಸದಾಗಿ ಸೇರಿಸಲೂ ಆಗದು. ನೊಂದ ಸಾಕ್ಷಿಯ ದೃಷ್ಟಿಯಿಂದ ನೋಡಿದರೆ, ಬೆಂಕಿ ಮತ್ತು ಹೊಡೆತದ ನಡುವೆ ಕಂಡ ಮುಖಗಳನ್ನು ವರ್ಷಗಳ ಮೇಲೆ ನೆನಪಿನಿಂದ ಎಣಿಸಿ ಹೇಳುವುದು ಎಂಥ ಕಠಿಣ ಪರೀಕ್ಷೆಯೆಂಬುದೂ ಇಲ್ಲಿಯೇ ತಿಳಿಯುತ್ತದೆ. ವಿಚಾರಣೆಯ ವಿಳಂಬ ಇಬ್ಬರಿಗೂ ಅನ್ಯಾಯ ಮಾಡುತ್ತದೆ.

ಆ ವಿಳಂಬಕ್ಕೆ ಈ ಸೀಮೆಯಲ್ಲಿ ವಿಶೇಷವಾದ ಕಾರಣವೊಂದಿದೆ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯ ಜನ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮಂಗಳೂರು, ಗೋವಾಗಳಿಗೆ ಗುಳೆ ಹೋಗುತ್ತಾರೆ. ಗುಳೆ ಹೋದ ಆರೋಪಿ ತಾರೀಖಿಗೆ ಬಾರದಿದ್ದರೆ ಜಾಮೀನುರಹಿತ ವಾರಂಟ್ ಹೊರಡುತ್ತದೆ, ಜಾಮೀನು ಬರೆದುಕೊಟ್ಟ ಶ್ಯೂರಿಟಿಗೂ ನೋಟಿಸು ಬರುತ್ತದೆ; ಹತ್ತಾರು ಆರೋಪಿಗಳಿರುವ ಪ್ರಕರಣದಲ್ಲಿ ಒಬ್ಬನ ಗೈರುಹಾಜರಿಯಿಂದ ಎಲ್ಲರ ವಿಚಾರಣೆಯೂ ಮುಂದಕ್ಕೆ ಹೋಗುತ್ತದೆ. ಸಕಾರಣವಿದ್ದಾಗ ವಕೀಲರ ಮೂಲಕ ಖುದ್ದು ಹಾಜರಾತಿಯಿಂದ ವಿನಾಯಿತಿ ಕೇಳುವ ಅವಕಾಶ ಕಾನೂನಿನಲ್ಲಿದೆ. ದುಡಿಮೆಗೆ ಹೋಗುವ ಮುನ್ನ ಕೆಲಸದ ಜಾಗ, ಫೋನ್ ನಂಬರು ಮತ್ತು ಮುಂದಿನ ತಾರೀಖನ್ನು ವಕೀಲರಿಗೆ ಒಪ್ಪಿಸಿ ಹೋಗುವುದರಿಂದ ಎಷ್ಟೋ ಜನ ಮತ್ತೆ ಜೈಲು ಸೇರುವುದು ತಪ್ಪುತ್ತದೆ.

ಊರಿನ ಹಿರಿಯರು ಹಣ ಕೂಡಿಸಿ ಎಲ್ಲ ಆರೋಪಿಗಳಿಗೂ ಒಬ್ಬರೇ ವಕೀಲರನ್ನು ಗೊತ್ತುಮಾಡುವ ವಾಡಿಕೆ ಗುಂಪಿನ ಪ್ರಕರಣಗಳಲ್ಲಿ ಇದೆ. ಖರ್ಚಿನ ದೃಷ್ಟಿಯಿಂದ ಇದು ಅನಿವಾರ್ಯವೆನಿಸಿದರೂ ಇದರಲ್ಲಿ ದೊಡ್ಡ ಅಪಾಯವಿದೆ. ಕಲ್ಲು ಹಿಡಿದವನನ್ನೂ ಅಂಗಳದಲ್ಲಿ ನಿಂತವನನ್ನೂ ಒಟ್ಟಿಗೆ ಸಮರ್ಥಿಸುವ ವಕೀಲರು ‘ಈತ ನಿಂತಿದ್ದ ಅಷ್ಟೆ, ನುಗ್ಗಿದವನು ಆತ’ ಎಂಬ ವಾದವನ್ನು ಮಂಡಿಸಲಾರರು. ಘಟನೆಯೇ ನಡೆದಿಲ್ಲವೆಂಬ ಸಾಮೂಹಿಕ ನಿರಾಕರಣೆಯೊಂದೇ ಅವರಿಗೆ ಉಳಿಯುವ ದಾರಿ. ಆ ನಿರಾಕರಣೆ ಬಿದ್ದುಹೋದರೆ ಅದರೊಂದಿಗೆ ಎಲ್ಲರೂ ಬೀಳುತ್ತಾರೆ. ಹಿತಾಸಕ್ತಿಗಳು ಬೇರೆಯಾಗಿರುವ ಆರೋಪಿ ಬೇರೆ ವಕಾಲತ್ತು ಹಾಕಬೇಕು; ಶಕ್ತಿಯಿಲ್ಲದಿದ್ದರೆ ಪ್ರತ್ಯೇಕ ವಕೀಲರನ್ನು ಪ್ರಾಧಿಕಾರದಿಂದ ಕೇಳಬೇಕು. ಊರಿನ ಒತ್ತಾಯಕ್ಕೆ ಮಣಿದು ಸುಮ್ಮನಿರುವವನ ಜೊತೆಗೆ ಮುಂದೆ ಊರು ಜೈಲಿಗೆ ಬರುವುದಿಲ್ಲ.

ಪ್ರಾಸಿಕ್ಯೂಷನ್ ಪರ ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರು ಪ್ರತಿಯೊಬ್ಬ ಆರೋಪಿಯನ್ನೂ ಬಿಡಿಬಿಡಿಯಾಗಿ ಕರೆದು, ಅವನ ವಿರುದ್ಧ ಬಂದ ಒಂದೊಂದು ಅಂಶವನ್ನೂ ಹೇಳಿ, ಉತ್ತರ ಕೇಳಿ ಬರೆದುಕೊಳ್ಳುತ್ತಾರೆ. ಇದು ಪ್ರಮಾಣವಚನವಿಲ್ಲದ ಹೇಳಿಕೆ. ಎಲ್ಲದಕ್ಕೂ ‘ಸುಳ್ಳು’ ಎಂದು ಒಂದೇ ಪದ ಹೇಳಿ ಮುಗಿಸುವ ರೂಢಿಯಿದ್ದರೂ, ಆರೋಪಿ ತನ್ನ ಮಾತಿನಲ್ಲಿ ವಿವರಣೆ ನೀಡಲು ಸಿಗುವ ಅಪರೂಪದ ಅವಕಾಶವನ್ನು ಹಾಗೆ ಕಳೆದುಕೊಳ್ಳುವುದು ವಿಷಾದದ ಸಂಗತಿ. ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೆಯೂ ಶಿಕ್ಷೆಯ ಪ್ರಮಾಣದ ಬಗ್ಗೆ ಪ್ರತ್ಯೇಕವಾಗಿ ಅವನ ಮಾತನ್ನು ಕೇಳಬೇಕು.

ಕೊಪ್ಪಳದ ತೀರ್ಪಿನ ಮೇಲಿನ ಮೇಲ್ಮನವಿ ಹೋಗುವುದು ಧಾರವಾಡ ಪೀಠಕ್ಕೆ. ಸೆರೆವಾಸದ ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ತಕ್ಷಣ, ಉಚಿತವಾಗಿ ಕೊಡಬೇಕು. ಸಾಮಾನ್ಯ ಪ್ರಕರಣಗಳಲ್ಲಿ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನಗಳ, ದೌರ್ಜನ್ಯ ತಡೆ ಕಾಯ್ದೆಯಡಿ 90 ದಿನಗಳ ಕಾಲಾವಕಾಶವಿದೆ. ಮೇಲ್ಮನವಿಯೊಂದಿಗೇ ಶಿಕ್ಷೆಯನ್ನು ಅಮಾನತಿನಲ್ಲಿಡುವ ಅರ್ಜಿಯೂ ಹೋಗಬೇಕು. ಅದು ಒಪ್ಪಿತವಾದರೆ ಅಪರಾಧಿಯೆಂಬ ತೀರ್ಮಾನ ಅಳಿಯುವುದಿಲ್ಲ, ಮೇಲ್ಮನವಿ ಮುಗಿಯುವವರೆಗೆ ಹೊರಗಿರಲು ಅವಕಾಶ ಸಿಗುತ್ತದೆ ಅಷ್ಟೆ. ವಕೀಲರೇ ಇಲ್ಲದ ಕೈದಿ ತನ್ನ ಮೇಲ್ಮನವಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಅವರು ಅದನ್ನು ಹೈಕೋರ್ಟಿಗೆ ಕಳುಹಿಸಲೇಬೇಕು, ಮತ್ತು ಅಲ್ಲಿ ಆತನ ಪರವಾಗಿ ವಾದಿಸುವ ವಕೀಲರನ್ನು ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಯಿಂದ ಪಡೆಯಬಹುದು.